ಮೂರು ಕಿಲೋ ಅಕ್ಕಿ, ಎಂಬತ್ತು ಪರ್ಸೆಂಟ್ ಹಾಜರಿ

1996ರಲ್ಲಿ ನಾನು ಮೂರನೇ ಕ್ಲಾಸು. ಸಿದ್ದಾಪುರ ತಾಲೂಕಿನ ಮನ್ಮನೆ ಕಡೆಯ ಒಂದು ಪುಟ್ಟ ಕನ್ನಡ ಶಾಲೆ. ತಿಂಗಳಿಗೊಮ್ಮೆ ಶಾಲೆ ಜಗಲಿಯ ಮೇಲೆ ಅಕ್ಕಿ ಮೂಟೆ ಬಿಚ್ಚೋರು. ಮಾಸ್ತರು ಹಾಜರಿ ಪುಸ್ತಕ ನೋಡಿ ಒಂದೊಂದೇ ಹೆಸರು ಕೂಗೋರು, ನಾವು ಹೋಗಿ ಚೀಲ ಒಡ್ಡೋದು. ತಲೆಗೆ ಮೂರು ಕಿಲೋ. ಪಾಟಿಚೀಲದ ಮೇಲೆ ಅಕ್ಕಿ ಚೀಲ ಹೇರಿಕೊಂಡು, ಸಂಕ ದಾಟಿ, ಗದ್ದೆ ಹಾಳಿಯ ಮೇಲೆ ಸಾಲಾಗಿ ಮನೆಗೆ ಹೋಗುತ್ತಿದ್ದದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ಮನೆಗೆ ಹೋದಮೇಲೆ ಏನಾಗ್ತಿತ್ತು ಅನ್ನೋದು ಕೂಡ ನೆನಪಿದೆ. ಆಯಿ ಒಂದು ಹಿಡಿ ಅಕ್ಕಿ ತೆಗೆದು ನೋಡಿ, "ಇದು ಮನ್ಷ್ಯರು ತಿಂಬಲೆ ಬತ್ತಿಲ್ಲೆ, ಎಮ್ಮೆ ಅಕ್ಕಚ್ಚಿಗೆ ಹಾಕು" ಅಂತಿದ್ದಳು. ನಮ್ಮ ಮನೆಯಲ್ಲಿ ಗದ್ದೆ ಇತ್ತು, ತೋಟ ಇತ್ತು, ಅಟ್ಟದ ಮೇಲೆ ಭತ್ತ ಇತ್ತು. ಭಾರತ ಸರ್ಕಾರ ನನಗೆ ಅಂತ ಕಳಿಸಿದ ಅಕ್ಕಿಯನ್ನು ವರ್ಷಗಟ್ಟಲೆ ತಿಂದದ್ದು ನಮ್ಮನೆ ಎಮ್ಮೆ.

ನನ್ನ ಪಕ್ಕ ಒಬ್ಬ ಕೂರುತ್ತಿದ್ದ. ಹೆಸರು ಬೇಡ, ಅವನು ಈಗಲೂ ಅಲ್ಲೇ ಇದ್ದಾನೆ. ಮಗ್ಗಿಯಲ್ಲಿ, ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ವರ್ಷದ ಕೆಲವು ತಿಂಗಳು ಅಕ್ಕಿ ಕೊಡುವಾಗ ಅವನ ಹೆಸರನ್ನೇ ಕೂಗುತ್ತಿರಲಿಲ್ಲ. ಯಾಕಂದ್ರೆ ನಿಯಮ ಇದ್ದದ್ದು ಹಾಗೆ: ತಿಂಗಳಲ್ಲಿ ಎಂಬತ್ತು ಪರ್ಸೆಂಟ್ ಹಾಜರಿ ಇದ್ದವರಿಗೆ ಮಾತ್ರ ಅಕ್ಕಿ. ಶಾಲೆ ಇಪ್ಪತ್ತೈದು ದಿನ ನಡೆದರೆ ಇಪ್ಪತ್ತು ದಿನ ಬಂದಿರಬೇಕು. ಅವನದ್ದು ಹದಿನೇಳೋ ಹದಿನೆಂಟೋ ಆಗಿರುತ್ತಿತ್ತು. ಹದಿನೆಂಟು ದಿನ ಬಂದವನಿಗೆ ಹದಿನೆಂಟು ದಿನದ ಅಕ್ಕಿಯಲ್ಲ, ಸೊನ್ನೆ.

ಉಳಿದ ದಿನ ಅವನು ಎಲ್ಲಿರುತ್ತಿದ್ದ ಅನ್ನೋದು ನನಗೆ ಗೊತ್ತಿತ್ತು. ನಮ್ಮ ತೋಟದಲ್ಲಿ. ಕೊನೆಗೌಡ ಮರದ ಮೇಲಿಂದ ಕೊನೆ ಇಳಿಸುವಾಗ ಸಿಡಿದು ಬಿದ್ದ ಅಡಿಕೆ ಹೆಕ್ಕೋಕೆ ಸಣ್ಣ ಕೈಗಳು ಬೇಕು. ರಾತ್ರಿ ಅವನ ಅವ್ವಿ ನಮ್ಮ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋಳು, ಸುಲಿದಷ್ಟಕ್ಕೆ ದುಡ್ಡು. ಅವನು ಪಕ್ಕದಲ್ಲಿ ತಂಗಿಯನ್ನು ಮಲಗಿಸಿಕೊಂಡು ತೂಕಡಿಸೋನು. ಕೊಯ್ಲಿನ ತಿಂಗಳಲ್ಲಿ ನನ್ನದು ನೂರಕ್ಕೆ ನೂರು ಹಾಜರಿ.

ಇದನ್ನು ನಾನು ಬಹಳ ವರ್ಷ ಒಂದು ತಮಾಷೆ ಕತೆ ಥರ ಹೇಳಿಕೊಂಡು ಬಂದಿದ್ದೆ. 'ನಮ್ಮನೆ ಎಮ್ಮೆ ಸೆಂಟ್ರಲ್ ಗವರ್ನಮೆಂಟ್ ಫಲಾನುಭವಿ' ಅಂತ. ಬೆಂಗಳೂರಿನ ಆಫೀಸಿನ ಕೆಫೆಟೇರಿಯಾದಲ್ಲಿ ಎಲ್ಲರೂ ನಗ್ತಾರೆ. ಒಮ್ಮೆ ಒಬ್ಬ ಸಹೋದ್ಯೋಗಿ ನಗದೆ, "ಆ ಹುಡುಗನಿಗೆ ಅಕ್ಕಿ ಸಿಗದೇ ಇರೋ ಥರ ರೂಲ್ ಬರೆದವರು ಯಾರು?" ಅಂತ ಕೇಳಿದ. ಅದನ್ನು ಹುಡುಕುತ್ತಾ ಹೋದದ್ದೇ ಈ ಬರಹ.

ರೂಲ್ ಬರೆದವರು ಕೆಟ್ಟವರೇನಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆ ಮಕ್ಕಳ ಪೌಷ್ಟಿಕತೆಗೆ ಅಂತ ರಾಷ್ಟ್ರೀಯ ಯೋಜನೆ ಶುರುಮಾಡಿತು. ಕಾಗದದ ಮೇಲೆ ಅದು ಬಿಸಿಯೂಟದ ಯೋಜನೆಯೇ, ದಿನಕ್ಕೆ ನೂರು ಗ್ರಾಂ ಧಾನ್ಯದ ಲೆಕ್ಕ. ಅಡುಗೆಮನೆ, ಪಾತ್ರೆ, ಅಡುಗೆಯವರು ಯಾವುದೂ ಇಲ್ಲದ್ದರಿಂದ ಹೆಚ್ಚಿನ ರಾಜ್ಯಗಳು, ನಮ್ಮದೂ ಸೇರಿ, ಧಾನ್ಯವನ್ನೇ ಮನೆಗೆ ಕಳಿಸಿದವು. ಮಕ್ಕಳು ಶಾಲೆಗೆ ಬರಲಿ ಅನ್ನೋದೂ ಉದ್ದೇಶವಾಗಿದ್ದರಿಂದ ಹಾಜರಿಯ ಷರತ್ತು. ಕೇಳೋಕೆ ತುಂಬಾ ನ್ಯಾಯವಾಗಿದೆ. ಆದರೆ ಮಗು ಶಾಲೆ ತಪ್ಪಿಸೋದು ಯಾಕೆ ಅಂತ ಆ ಷರತ್ತು ಕೇಳೋದಿಲ್ಲ. ಬಡತನ ಹೆಚ್ಚಿದ್ದಷ್ಟೂ ಹಾಜರಿ ಕಡಿಮೆ, ಹಾಜರಿ ಕಡಿಮೆಯಾದಷ್ಟೂ ನೆರವು ಇಲ್ಲ.

ಶಾಲೆಯ ಪಟ್ಟಿಯಲ್ಲಿ ಯಾರ ಹೆಸರು ಇರಬಹುದು ಅನ್ನೋ ಜಗಳ ಇದಕ್ಕಿಂತ ಹಳೆಯದು. ಅದರ ಒಂದು ಮುಖ್ಯ ದಾಖಲೆ ಇರೋದು ನಮ್ಮ ಧಾರವಾಡದಲ್ಲೇ. 1856ರ ಜೂನ್‌ನಲ್ಲಿ ಅಲ್ಲಿಯ ಸರ್ಕಾರಿ ಶಾಲೆಗೆ ಮಹಾರ್ ಜಾತಿಯ ಹುಡುಗನೊಬ್ಬ ಪ್ರವೇಶ ಕೇಳಿದ. ಕೊಡಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೇ ಅರ್ಜಿ ಹಾಕಿದ. ಸರ್ಕಾರದ ಉತ್ತರದ ಸಾರಾಂಶ ಇಷ್ಟು: ನ್ಯಾಯ ನಿನ್ನ ಕಡೆಗೇ ಇದೆ, ಆದರೆ ನಿನ್ನೊಬ್ಬನನ್ನು ಸೇರಿಸಿದರೆ ಉಳಿದವರಿಗೆ ಶಾಲೆ ನಿರುಪಯೋಗಿ ಆಗುತ್ತೆ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಬರೆದರು. ಬರೆದದ್ದು ಕಡತದಲ್ಲಿ ಉಳಿಯಿತು. 1882ರ ಹಂಟರ್ ಆಯೋಗದ ಮುಂದೆ ಜೋತಿರಾವ್ ಫುಲೆಯವರು, ಸರ್ಕಾರದ ಬೊಕ್ಕಸ ತುಂಬೋದು ರೈತರ ಬೆವರಿಂದ, ಶಿಕ್ಷಣದ ಖರ್ಚು ಆಗೋದು ಮೇಲಿನವರ ಮಕ್ಕಳಿಗೆ ಅಂತ ನೇರವಾಗಿ ಹೇಳಿದರು. 1928ರಲ್ಲಿ ಸೈಮನ್ ಆಯೋಗಕ್ಕೆ ಮನವಿ ಬರೆಯುವಾಗ ಅಂಬೇಡ್ಕರ್ ಇದೇ ಧಾರವಾಡದ ಹುಡುಗನ ಪ್ರಕರಣವನ್ನು ಮತ್ತೆ ಎತ್ತಿದರು. ಎಪ್ಪತ್ತು ವರ್ಷ ಕಳೆದಮೇಲೂ ಅದು ಹಳೆಯದಾಗಿರಲಿಲ್ಲ. ಆ ಹುಡುಗ ಮುಂದೆ ಏನಾದನೋ.

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಇರುವ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಹಾಗಾಗಿ ನಮ್ಮ ಅಜ್ಜ ಮುತ್ತಜ್ಜಂದಿರ ಶಾಲೆಯ ಭವಿಷ್ಯ ಮುಂಬಯಿ, ಪುಣೆಯಲ್ಲಿ ತೀರ್ಮಾನ ಆಗುತ್ತಿತ್ತು. 1911ರಲ್ಲಿ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಕಡ್ಡಾಯ ಅಂದರೂ ತೀರಾ ಮೆತ್ತಗಿನ ಮಸೂದೆ, ಬೇಕಾದ ಊರಿನವರು ಜಾರಿ ಮಾಡಿಕೊಳ್ಳಬಹುದು ಅನ್ನುವಷ್ಟು. ಆದರೂ 1912ರ ಮಾರ್ಚ್‌ನಲ್ಲಿ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ದೊಡ್ಡ ಜಮೀನ್ದಾರರಿದ್ದರು. ಹೊಲದ ಹುಡುಗರೆಲ್ಲ ಶಾಲೆಗೆ ಹೋದರೆ ಹೊಲದ ಗತಿ ಏನು ಅನ್ನೋದು ಅವರ ಚಿಂತೆ. ಇದನ್ನು ಓದಿದಾಗ ನನಗೆ ನಮ್ಮ ತೋಟ ನೆನಪಾಯಿತು, ಸುಳ್ಳು ಯಾಕೆ ಹೇಳಲಿ. 1918ರಲ್ಲಿ ವಿಠಲಭಾಯಿ ಪಟೇಲರು ಮುಂಬಯಿ ಪ್ರಾಂತ್ಯದಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಪಾಸು ಮಾಡಿಸಿದರು. ಅದು ಪುರಸಭೆ ಇರುವ ಪಟ್ಟಣಗಳಿಗೆ ಮಾತ್ರ. ಹಳ್ಳಿಗಳ ಹೆಸರು ಕಾನೂನಿಗೆ ಸೇರಿದ್ದು 1923ರಲ್ಲಿ, ಅದೂ ಸ್ಥಳೀಯ ಬೋರ್ಡುಗಳ ಹತ್ತಿರ ದುಡ್ಡಿದ್ದರೆ.

ಗೋಖಲೆ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಸೇರಿದ್ದ ಒಬ್ಬರು ನಮ್ಮ ಜಿಲ್ಲೆಯವರೇ. ದಿನಕರ ದೇಸಾಯಿ. ನೀವೆಲ್ಲ ಚುಟುಕದ ದಿನಕರ ದೇಸಾಯಿ ಅಂತ ಓದಿರುತ್ತೀರಿ. ಹುಟ್ಟಿದ್ದು 1909ರಲ್ಲಿ, ಅಂಕೋಲೆ ಕಡೆಯವರು. ಮೂವತ್ತರ ದಶಕದ ಕೊನೆಗೆ ಅಂಕೋಲೆ ಸೀಮೆಯ ಗೇಣಿದಾರರನ್ನು ಸಂಘಟಿಸೋಕೆ ಶುರುಮಾಡಿದರು. ಬೆಳೆದದ್ದರಲ್ಲಿ ಒಡೆಯನಿಗೆ ಇಷ್ಟೇ, ಬಿಟ್ಟಿ ಚಾಕರಿ ಇಲ್ಲ, ಗದ್ದೆ ಬಿಡಿಸೋ ಹಾಗಿಲ್ಲ, ಇಷ್ಟೇ ಕೇಳಿದ್ದು. 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಅದೇ ಮನುಷ್ಯ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಹೈಸ್ಕೂಲು, ಕಾಲೇಜು ತೆರೆಯುತ್ತಾ ಹೋದರು. ಮೊದಲು ಗೇಣಿ, ಆಮೇಲೆ ಶಾಲೆ. ಈ ಅನುಕ್ರಮವನ್ನು ನಾವು ಅಷ್ಟಾಗಿ ಗಮನಿಸೋದಿಲ್ಲ. ಜೀವನಚರಿತ್ರೆಯ ಎರಡು ಬೇರೆ ಬೇರೆ ಅಧ್ಯಾಯ ಅಂತ ಓದಿಕೊಳ್ಳುತ್ತೇವೆ. ನನಗೀಗ ಅದು ಒಂದೇ ಕೆಲಸ ಅನ್ನಿಸುತ್ತೆ. ಅಪ್ಪನ ಕಾಳು ಒಡೆಯನ ಕಣಜಕ್ಕೆ ಹೋಗುವವರೆಗೆ ಮಗ ಒಡೆಯನ ದನದ ಹಿಂದೆ ಹೋಗುತ್ತಾನೆ, ಶಾಲೆ ಎಷ್ಟು ಹತ್ತಿರ ಇದ್ದರೂ.

ಸಿದ್ದಾಪುರದ ಪಕ್ಕದ ಸಾಗರದಲ್ಲಿ ಕಾಗೋಡು ಸತ್ಯಾಗ್ರಹ ಆದದ್ದು 1951ರಲ್ಲಿ. ಆಗ ಅದು ಬೇರೆ ರಾಜ್ಯ. ಸಾಗರ ಮೈಸೂರಿನದು, ನಾವು ಮುಂಬಯಿಯವರು. ಗೇಣಿ ಅಳೆಯುವ ಕೊಳಗದ ಅಳತೆಯ ಮೇಲೆ ಶುರುವಾದ ಜಗಳಕ್ಕೆ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೆದ್ದರೋ ಸೋತರೋ ಅನ್ನೋದು ಬೇರೆ ಮಾತು, ಸುತ್ತಲಿನ ಸೀಮೆಗೆಲ್ಲ ಸುದ್ದಿ ಮುಟ್ಟಿತ್ತು.

ನಮ್ಮ ಮನೆಯಲ್ಲಿ '74' ಅನ್ನೋದು ಒಂದು ಸಾವಿನ ವರ್ಷದ ಥರ ಬಳಕೆಯಲ್ಲಿದ್ದ ಪದ. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು; ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿ ತಮ್ಮದು ಮಾಡಿಕೊಳ್ಳಬೇಕು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್ ಹಾಕೋದು' ಅಂತಾರೆ. ಅಜ್ಜ ಕೊನೇವರೆಗೂ, "ಡಿಕ್ಲರೇಶನ್‌ನಲ್ಲಿ ಗದ್ದೆ ಹೋತು" ಅಂತಲೇ ಹೇಳ್ತಿದ್ದ. ಹೋಗಿದ್ದು ಎಲ್ಲಿಗೆ ಅಂತ ಯಾರೂ ಹೇಳಿರಲಿಲ್ಲ. (ಹವ್ಯಕರಲ್ಲೂ ಬಡ ಗೇಣಿದಾರರಿದ್ದರು, ಅವರಿಗೂ ಜಮೀನು ಸಿಕ್ಕಿತು. ಆ ಕತೆ ನಮ್ಮ ಜಗಲಿಯಲ್ಲಿ ಕಡಿಮೆ ಕೇಳಿಸುತ್ತಿತ್ತು.)

ಈ ಕಾನೂನಿನ ಒಂದು ಗುಣ ಈಗ ನನಗೆ ಬಹಳ ದೊಡ್ಡದಾಗಿ ಕಾಣುತ್ತೆ. ಅರ್ಜಿ ತೀರ್ಮಾನ ಮಾಡೋಕೆ ಕೋರ್ಟ್ ಅಲ್ಲ, ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ಕು ಜನ ಸದಸ್ಯರು, ಅದರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲಿಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ನಮ್ಮ ಕಡೆ ಎಷ್ಟೋ ಗೇಣಿ ಬಾಯಿಮಾತಿನದು, ಚೀಟಿ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ. ಆದರೂ ಊರಲ್ಲಿ ಯಾರು ಯಾವ ಗದ್ದೆ ಹೂಡ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ. ಅದನ್ನು ಹೇಳೋಕೆ ಒಂದು ಜಾಗ ಸಿಕ್ಕಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಕರಾವಳಿ ಮತ್ತು ಮಲೆನಾಡಿನಷ್ಟು ಇದರಿಂದ ಬದಲಾದ ಸೀಮೆ ಬೇರೆ ಇಲ್ಲ. ಮಕ್ಕಳಿಗಾಗಿ ಮಾಡಿದ ಕಾನೂನಲ್ಲ ಅದು. ಆದರೆ ನಾನು ಶಾಲೆಗೆ ಸೇರುವ ಹೊತ್ತಿಗೆ ನಮ್ಮ ಹಳೆಯ ಒಕ್ಕಲುಗಳ ಮನೆಯ ಹುಡುಗರು ಹೈಸ್ಕೂಲು ಮುಗಿಸಿ, ಒಂದಿಬ್ಬರು ಮಾಸ್ತರಾಗಿದ್ದರು. ಹಾಜರಿ ಪುಸ್ತಕ ಹಿಡಿದು ನನ್ನ ಹೆಸರು ಕೂಗುತ್ತಿದ್ದ ಮಾಸ್ತರೂ ಅಂಥದೇ ಮನೆಯವರು.

ನನ್ನ ಪಕ್ಕದವನ ಮನೆಗೆ 74 ಬರಲಿಲ್ಲ. ಅವರು ಒಕ್ಕಲುಗಳಾಗಿರಲಿಲ್ಲ, ಕೂಲಿಯವರು. ಇದ್ದದ್ದು ಬೆಟ್ಟದ ಅಂಚಿನ ಫಾರೆಸ್ಟ್ ಜಾಗದಲ್ಲಿ ಒಂದು ಸೋಗೆ ಮನೆ, ಸುತ್ತ ಸ್ವಲ್ಪ ಹಕ್ಕಲು. ಗೇಣಿಯೇ ಇಲ್ಲದವರು ಯಾವ ಡಿಕ್ಲರೇಶನ್ ಹಾಕೋದು? ಯಲ್ಲಾಪುರ ಕಡೆ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ಸಿದ್ದಿಗಳ ಕತೆಯೂ ಹೆಚ್ಚುಕಡಿಮೆ ಇದೇ. ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡ ಅಂತ ಒಪ್ಪಿಕೊಂಡಿದ್ದೇ 2003ರಲ್ಲಿ. ಜೀತ ಮುಕ್ತಿ ಕಾಯ್ದೆ, ಋಣ ಪರಿಹಾರ ಕಾಯ್ದೆ ಎರಡೂ 1976ರವು; ಸಾಲದ ಹೆಸರಲ್ಲಿ ಕಟ್ಟಿಹಾಕೋದು ಕಡಿಮೆ ಆಯಿತು, ನಿಜ. ದಿನಗೂಲಿ ಹಾಗೇ ಉಳಿಯಿತು. ಅಪ್ಪನಿಗೆ ನೆಲ ಸಿಕ್ಕ ಮನೆಯ ಮಗು ಇಪ್ಪತ್ತು ದಿನದ ಹಾಜರಿ ತುಂಬಿಸಿತು, ಸಿಗದ ಮನೆಯದು ಹದಿನೆಂಟಕ್ಕೆ ನಿಂತಿತು. 1995ರ ಅಕ್ಕಿ ನಿಯಮ ಇದರ ಮೇಲೆ ಬಂದು ಕೂತಿತು.

ಬದಲಾದದ್ದು ಕೋರ್ಟಿನಿಂದ. 2001ರಲ್ಲಿ ಬರಗಾಲದ ರಾಜಸ್ಥಾನದಲ್ಲಿ ಜನ ಹಸಿದಿದ್ದರು, ಸರ್ಕಾರಿ ಗೋದಾಮುಗಳು ತುಂಬಿದ್ದವು. ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ನವೆಂಬರ್ 28ರಂದು ಬಂದ ಆದೇಶ ತುಂಬಾ ಖಡಕ್ಕು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಯಿತು, ಮರುವರ್ಷ ನಮ್ಮ ಕಡೆ ಬಂತು.

ಶಾಲೆಯಲ್ಲಿ ಊಟ ಅನ್ನೋದು ಹೊಸ ಐಡಿಯಾ ಅಲ್ಲ. ತಮಿಳುನಾಡಲ್ಲಿ ಕಾಮರಾಜ್ 1956ರಲ್ಲೇ ಶುರುಮಾಡಿದ್ದರು. ನಮ್ಮಪ್ಪನ ವಾರಗೆಯವರು ಕೇರ್ ಸಂಸ್ಥೆಯ ಅಮೆರಿಕದ ಹಿಟ್ಟಿನ ಉಪ್ಪಿಟ್ಟು, ಹಾಲಿನ ಪುಡಿ ತಿಂದು ಬೆಳೆದವರು. ಈಗಲೂ ಅದರ ವಾಸನೆ ವರ್ಣಿಸ್ತಾರೆ. ಆದರೆ ಅದು ದಾನ, ಹಡಗು ಬಂದರೆ ಉಂಟು. 2001ರ ನಂತರ ಅದು ಕೇಳಿ ಪಡೆಯುವ ಹಕ್ಕು.

ಒಣ ಅಕ್ಕಿಗೂ ಬಿಸಿಯೂಟಕ್ಕೂ ಇರುವ ಮುಖ್ಯ ವ್ಯತ್ಯಾಸ ರುಚಿಯದ್ದಲ್ಲ, ಲೆಕ್ಕದ್ದು. ತಿಂಗಳ ಕೊನೆಯ ಲೆಕ್ಕ ಹೋಗಿ ದಿನದ ಲೆಕ್ಕ ಬಂತು. ಇವತ್ತು ಬಂದೆಯಾ, ಇವತ್ತು ಉಣ್ಣು. ನಿನ್ನೆ ಯಾಕೆ ಬರಲಿಲ್ಲ ಅಂತ ತಟ್ಟೆ ಕೇಳೋದಿಲ್ಲ. ಹದಿನೆಂಟು ದಿನ ಬಂದವನಿಗೆ ಹದಿನೆಂಟು ಊಟ. ಮತ್ತೆ, ಆ ಅನ್ನವನ್ನು ಮನೆಗೆ ಹೊತ್ತು ಎಮ್ಮೆಗೆ ಹಾಕೋಕೂ ಆಗೋದಿಲ್ಲ.

ನಾನು ಆಗ ಹತ್ತನೇ ಕ್ಲಾಸು, ನನಗೆ ಅದು ಸಿಗಲಿಲ್ಲ. ಚಿಕ್ಕಪ್ಪನ ಮಗಳು ಎರಡನೇ ಕ್ಲಾಸು. ಮೊದಮೊದಲು ಅವಳಿಗೆ ಮನೆಯಿಂದ ಡಬ್ಬಿ ಹೋಗುತ್ತಿತ್ತು. ಅಡುಗೆ ಮಾಡೋರು ಯಾರು, ಬಡಿಸೋರು ಯಾರು ಅಂತ ಜಗಲಿಯಲ್ಲಿ ಮಾತು. ಒಂದು ತಿಂಗಳು ಕಳೆದಿರಬಹುದು, ಅವಳು ಡಬ್ಬಿಯನ್ನು ಬಿಚ್ಚದೇ ವಾಪಸ್ ತಂದಳು. "ಎಲ್ಲರೂ ಬಿಸಿಬಿಸಿ ಸಾಂಬಾರು ಉಣ್ತ. ಆನೂ ಅಲ್ಲೇ ಉಣ್ತಿ" ಅಂದಳು. ಅಜ್ಜ ಕವಳದ ಬಟ್ಟಲು ಎಳೆದುಕೊಂಡು ಸುಮ್ಮನೆ ಕೂತ. ಮರುದಿನದಿಂದ ಡಬ್ಬಿ ಹೋಗಲಿಲ್ಲ. ಅಡುಗೆಯವರ ನೇಮಕದಲ್ಲಿ ದಲಿತ, ಆದಿವಾಸಿ ಮಹಿಳೆಯರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ಎಲ್ಲ ಕಡೆ ಅದು ಸುಲಭವಾಗಿ ಆಗಿಲ್ಲ, ಈಗಲೂ ಆಗಾಗ ಪೇಪರಿನಲ್ಲಿ ಬರುತ್ತೆ.

2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆಗೆ ಮಾತ್ರ ಬಹಳ ತಡ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದಲ್ಲಿ ಶುರುವಾದಾಗ ಎಷ್ಟು ಗಲಾಟೆ ಆಯಿತು ಅಂತ ನಿಮಗೆ ನೆನಪಿರಬಹುದು. ಮೊಟ್ಟೆ ಬೇಡ ಅಂದವರಲ್ಲಿ ಹೆಚ್ಚಿನವರ ಮಕ್ಕಳು ಆ ಸಾಲಿನಲ್ಲಿ ಕೂರೋರಲ್ಲ ಅನ್ನೋದು ನನ್ನ ಅನಿಸಿಕೆ. ಉಳಿದ ಜಿಲ್ಲೆಗಳಿಗೆ ಬಂದದ್ದು ಆಮೇಲೆ. ಅಷ್ಟರಲ್ಲಿ ನಮ್ಮಂಥ ಮನೆಗಳ ಮಕ್ಕಳು ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋಗೋಕೆ ಶುರುಮಾಡಿ ಊರ ಶಾಲೆಯ ಸಾಲೇ ಸಣ್ಣದಾಗಿತ್ತು. ನನ್ನ ತಂಗಿ ಡಬ್ಬಿ ವಾಪಸ್ ತಂದು ಕೂತ ಪಂಕ್ತಿಯಲ್ಲಿ ಈಗ ಅವಳಂಥವರು ಇಲ್ಲ.

ಕಳೆದ ದೊಡ್ಡಬ್ಬಕ್ಕೆ ಊರಿಗೆ ಹೋದಾಗ ಅವನು ಸಿಕ್ಕಿದ. "ಯಾವಾಗ ಬಂದ್ರಿ?" ಅಂದ. ಮೂರನೇ ಕ್ಲಾಸಲ್ಲಿ ಇಬ್ಬರೂ 'ನೀನು' ಅಂತಿದ್ದೆವು. "ನಂಗೆಂತಕ್ಕೆ ಬಂದ್ರಿ ಹೋದ್ರಿ ಅಂತಿ ಮಾರಾಯ" ಅಂದೆ. ನಕ್ಕ, ಆದರೆ ಆಮೇಲೂ 'ನೀವು' ಅಂತಲೇ ಮಾತಾಡಿದ. ಮಗಳು ನಮ್ಮದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸಂತೆ. ಒಂದಿನಾನೂ ತಪ್ಪಿಸೋದಿಲ್ಲ, ಮೊಟ್ಟೆ ದಿನವಂತೂ ಜ್ವರ ಇದ್ದರೂ ಹೋಗ್ತಾಳೆ ಅಂದ.

ಕೈಯಲ್ಲಿ ಪ್ಲಾಸ್ಟಿಕ್ ಕವರಿನ ಒಂದು ಫೈಲ್ ಇತ್ತು. ಅವರ ಮನೆ ಇರೋ ಅರಣ್ಯ ಜಾಗದ ಹಕ್ಕಿನ ಅರ್ಜಿ, ತಿರಸ್ಕಾರ ಆದದ್ದು. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಿ ಅನ್ನುತ್ತೆ. 2005ರ ಡಿಸೆಂಬರ್ 13ರಿಂದ ಹಿಂದಕ್ಕೆ ಎಣಿಸಿದರೆ 1930. ಊರ ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಪರಿಗಣಿಸಬಹುದು ಅಂತ ನಿಯಮದಲ್ಲಿದೆ. ಆದರೆ ಅವನ ಹತ್ತಿರ ಕೇಳಿದ್ದು ಕಾಗದ. ನಾನು ಪುಟ ತಿರುವಿ, ಸರ್ಕಾರಿ ದಾಖಲೆ ಯಾವುದಾದರೂ, ಅಜ್ಜನ ಹೆಸರು ಶಾಲೆ ರಿಜಿಸ್ಟರಲ್ಲೇನಾದರೂ ಇದ್ದರೆ ಅಂದೆ.

"ಅಜ್ಜ ಶಾಲಿಗೆ ಹೋಗಿದ್ರೆ ನಾವು ಇಲ್ಲಿ ಇರ್ತಿದ್ವ?" ಅಂದ.

ಫೈಲನ್ನು ಕವರಿನೊಳಗೆ ತೂರಿಸಿ, ಮಳೆ ನೀರು ಹೋಗದ ಹಾಗೆ ಎರಡು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡ. ಹೊರಡುವಾಗ ತಿರುಗಿ, "ಹಬ್ಬ ಕಳೆದ ಮೇಲೆ ನಿಮ್ಮನೆ ಕೊಯ್ಲು. ಬೆಳಗಾ ಮುಂಚೆ ಬತ್ತೆ ಅಂತ ನಿಮ್ಮ ಅಪ್ಪಯ್ಯನ ಹತ್ರ ಹೇಳಿ" ಅಂದ.